ಸನ್ ಫಿಲ್ಮ್ ನೇರಳೆ ಬಣ್ಣಕ್ಕೆ ಯಾಕೆ ತಿರುಗತ್ತೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಬೇಸಿಗೆ ಶುರುವಾದಾಗಿಂದ ಕಾರಿನ ಗ್ಲಾಸಿಗೆ ಹಾಕೋ ಸನ್ ಫಿಲ್ಮ್ ಬಗ್ಗೆನೇ ಜಾಸ್ತಿ ಪತ್ರ ಬಂದಿವೆ, ಅದರಲ್ಲೂ ಕಮ್ಮಿ ರೇಟಿನ ಫಿಲ್ಮ್ ಹಾಕಿಸಿ ಬಣ್ಣ ಕೆಟ್ಟಿದ್ದೇ ಹೆಚ್ಚು. ಹಂಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ ಇಟ್ಟಿದೀವಿ.

ಪ್ರಶ್ನೆ: ಎರಡು ವರ್ಷದ ಹಿಂದೆ ನಮ್ಮ ಹಳೇ ಕಾರಿಗೆ ಊರಲ್ಲೇ ಒಂದು ಅಂಗಡೀಲಿ 1,200 ರೂಪಾಯಿಗೆ ನಾಲ್ಕು ಬಾಗಿಲಿಗೂ ಹಿಂದಿನ ಗ್ಲಾಸಿಗೂ ಫಿಲ್ಮ್ ಹಾಕಿಸಿದ್ವಿ. ಆಗ ಹೊಗೆ ಬಣ್ಣ ಇತ್ತು, ಈಗ ನೇರಳೆ ಆಗಿದೆ, ಅದೂ ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ. ಕೇಳಿದ್ರೆ ನಮ್ಮ ಬಿಸಿಲಿಗೆ ಎಲ್ಲಾ ಫಿಲ್ಮೂ ಹಂಗೇ ಅಂತಾರೆ. ನಿಜವಾ? (ರಾಯಚೂರಿನಿಂದ ಒಬ್ಬ ಓದುಗರು)

ಉತ್ತರ: ನಿಜ ಅಲ್ಲ ಸರ್. ರಾಯಚೂರಿನ ಬಿಸಿಲು ಜೋರೇ, ಒಪ್ಕೋಳೋಣ, ಆದ್ರೆ ಅದೇ ಬಿಸಿಲಲ್ಲಿ ಹತ್ತು ವರ್ಷ ನಿಂತ್ರೂ ಬಣ್ಣ ಬದಲಾಗದ ಫಿಲ್ಮ್ ಇದಾವೆ, ಆರು ತಿಂಗಳಿಗೇ ಕೈ ಕೊಡೋವೂ ಇದಾವೆ. ವ್ಯತ್ಯಾಸ ಬರೋದು ಬಣ್ಣ ಯಾವುದರಿಂದ ಮಾಡಿದಾರೆ, ಅದನ್ನ ಎಲ್ಲಿ ಕೂರಿಸಿದಾರೆ ಅನ್ನೋದರಿಂದ.

ಫಿಲ್ಮ್ ಅಂದ್ರೆ ಮೂಲತಃ ಪಾಲಿಯೆಸ್ಟರ್ ಹಾಳೆ. ನೀರಿನ ಬಾಟಲಿ ಮಾಡ್ತಾರಲ್ಲ ಪೆಟ್ ಅಂತ, ಅದೇ ವಸ್ತು, ತೆಳ್ಳಗೆ ಎಳೆದಿರ್ತಾರೆ, ದಪ್ಪ ಸುಮಾರು 40ರಿಂದ 50 ಮೈಕ್ರಾನ್. ಒಳಗಡೆ ಮುಖಕ್ಕೆ ಗೀರು ಬೀಳದ ಹಾಗೆ ಗಟ್ಟಿ ಕೋಟಿಂಗ್, ಗ್ಲಾಸಿಗೆ ಅಂಟೋ ಕಡೆ ಗಮ್, ಗಮ್ಮಿನ ಮೇಲೆ ಅಂಟಿಸೋವಾಗ ಕಿತ್ತು ಬಿಸಾಡೋ ಲೈನರ್. ಡೈ, ಅಂದ್ರೆ ಬಣ್ಣದ ಕೆಮಿಕಲ್, ಹಾಕಿದ ಒಳ್ಳೇ ಫಿಲ್ಮಲ್ಲಿ ಬಣ್ಣ ಪಾಲಿಯೆಸ್ಟರಿನ ಒಳಗೇ ಸೇರಿರತ್ತೆ, ಅದರ ಮುಂದೆ ಬಿಸಿಲಿನ ಅಲ್ಟ್ರಾವಯಲೆಟ್ ಹೀರೋ ಕೆಮಿಕಲ್ ಹಾಕಿರ್ತಾರೆ. ತೀರಾ ಅಗ್ಗದ ಫಿಲ್ಮಲ್ಲಿ ಬಣ್ಣಾನ ಗಮ್ಮಿಗೇ ಕಲಸಿಬಿಟ್ಟಿರ್ತಾರೆ. ಫಿಲ್ಮ್ ಅಂಟೋದು ಗ್ಲಾಸಿನ ಒಳಮೈಗೆ ತಾನೆ, ಅಂದ್ರೆ ಬಿಸಿಲು ಗ್ಲಾಸ್ ದಾಟಿದ ಕೂಡ್ಲೇ ಮೊದಲು ಸಿಗೋದು ಗಮ್ಮೇ, ಬಣ್ಣ ಅಲ್ಲೇ ಇದ್ರೆ ಅದಕ್ಕೆ ಅಡ್ಡ ಯಾವುದೂ ಇರಲ್ಲ.

ಇನ್ನು ನೇರಳೇನೇ ಯಾಕೆ ಅಂತ. ಆ ಹೊಗೆ ಬಣ್ಣ ಒಂದೇ ಬಣ್ಣ ಅಲ್ಲ, ಹಳದಿ, ಕೆಂಪು, ನೀಲಿ ಡೈ ಸೇರಿಸಿ ಕಪ್ಪು ಮಾಡಿರ್ತಾರೆ. ಮೂರೂ ಒಂದೇ ವೇಗದಲ್ಲಿ ಕೆಡಲ್ಲ, ಸಾಮಾನ್ಯವಾಗಿ ಹಳದಿ ಮೊದಲು ಹೋಗತ್ತೆ, ಉಳಿಯೋದು ಕೆಂಪು ನೀಲಿ, ಎರಡೂ ಸೇರಿದ್ರೆ ಕಣ್ಣಿಗೆ ನೇರಳೆ. ಒಂದು ಕಡೆ ಜಾಸ್ತಿ ಆಗಿದೆ ಅಂದ್ರಲ್ಲ, ನೀವು ದಿನಾ ಕಾರು ನಿಲ್ಸೋ ಜಾಗದಲ್ಲಿ ಯಾವ ಕಡೆಗೆ ಮಧ್ಯಾಹ್ನದ ಬಿಸಿಲು ಬೀಳತ್ತೆ ನೋಡಿ, ಆ ಕಡೆನೇ ಇರತ್ತೆ. ಮುಂದೆ ಕೀಳಿಸುವಾಗ ಇನ್ನೊಂದು ಗಮನಿಸಿ, ಗ್ಲಾಸ್ ಪೂರ್ತಿ ಏರಿಸಿದಾಗಲೂ ಕೆಳಗೆ ಬೀಡಿಂಗ್ (ಬಾಗಿಲಿನ ರಬ್ಬರ್ ಪಟ್ಟಿ) ಒಳಗೆ ಅವಿತಿರೋ ಒಂದು ಸಣ್ಣ ಪಟ್ಟಿ ಇರತ್ತಲ್ಲ, ಅಲ್ಲಿವರೆಗೂ ಫಿಲ್ಮ್ ಇಳಿಸಿದ್ರೆ ಆ ಪಟ್ಟೀಲಿ ಮೊದಲಿನ ಹೊಗೆ ಬಣ್ಣ ಇನ್ನೂ ಕಾಣತ್ತೆ, ಅದಕ್ಕೆ ಒಂದು ಬೆರಳು ಮೇಲೆ ನೇರಳೆ. ಅದನ್ನ ಕತ್ತರಿಸಿ ಬಿಳಿ ಹಾಳೆ ಮೇಲಿಟ್ಟು ಅಂಗಡಿಯವರಿಗೆ ತೋರ್ಸಿ, ಬಿಸಿಲಿಗೆ ನಿಲ್ಲೋ ಬಣ್ಣ ಅದಲ್ಲ ಅಂತ ಅವರಿಗೂ ಕಾಣತ್ತೆ.

ಡೈ ಇಲ್ಲದೇ ಬಣ್ಣ ಬರಿಸೋ ದಾರಿಗಳೂ ಇವೆ. ಕಾರ್ಬನ್ ಫಿಲ್ಮಲ್ಲಿ ಕಪ್ಪು ಬರೋದು ಕಾರ್ಬನ್ ಕಣದಿಂದ, ಅದು ಬಿಸಿಲಿಗೆ ಒಡೆಯಲ್ಲ. ಮೆಟಲ್ ಫಿಲ್ಮಲ್ಲಿ ಲೋಹದ ತೆಳು ಪದರ, ಸಿರಾಮಿಕ್ ಅನ್ನೋದರಲ್ಲಿ ಲೋಹದ ಆಕ್ಸೈಡಿನ ತೀರಾ ಸಣ್ಣ ಕಣ. ಇವು ಮೂರೂ ಬಣ್ಣಕ್ಕೆ ಡೈ ನಂಬ್ಕೊಂಡಿಲ್ಲವಾದ್ರೆ ನೇರಳೆ ಆಗಲ್ಲ. ಆದ್ರೆ ಎಚ್ಚರ, ಕಾರ್ಬನ್ ಅಂತ ಹೇಳಿ ಡೈ ಬೆರೆಸಿದ ಮಾಲು ಮಾರೋರು ಇದಾರೆ, ಸಿರಾಮಿಕ್ ಅಂತ ಬರೀ ಸ್ಟಿಕ್ಕರ್ ಹಚ್ಚಿದ್ದೂ ಇರತ್ತೆ. ಹಂಗಾಗಿ ಹೆಸರು ಕೇಳಿ ದುಡ್ಡು ಕೊಡಬೇಡಿ, ಪರೀಕ್ಷೆ ಮಾಡಿ. ಹೆಂಗೆ ಅಂತ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಅಂಗಡೀಲಿ ನಾಲ್ಕೈದು ರೋಲ್ ತೋರ್ಸ್ತಾರೆ, ಕಣ್ಣಿಗೆ ಎಲ್ಲಾ ಒಂದೇ ಥರ, ರೇಟ್ ಮಾತ್ರ ಮೂರು ಪಟ್ಟು ವ್ಯತ್ಯಾಸ. ಒಳ್ಳೇದು ಯಾವ್ದು ಅಂತ ಮೊದಲೇ ಗೊತ್ತಾಗೋ ದಾರಿ ಇದ್ಯಾ? (ಹುಬ್ಬಳ್ಳಿ)

ಉತ್ತರ: ಇದೆ, ಮತ್ತೆ ಖರ್ಚೂ ಇಲ್ಲ. ಪ್ರತಿ ರೋಲಿಂದ ಬೆರಳಗಲ ತುಂಡು ಕೇಳಿ ಇಸ್ಕೊಳ್ಳಿ, ಕಟ್ ಮಾಡಿ ಉಳಿದ ಚೂರು ಅಂಗಡೀಲಿ ನೆಲದ ಮೇಲೆ ಬೇಕಾದಷ್ಟು ಬಿದ್ದಿರತ್ತೆ, ಕೊಡಲ್ಲ ಅಂದ್ರೆ ಅಲ್ಲಿ ಹಾಕಿಸೋದೇ ಬೇಡ. ಲೈನರ್ ಕಿತ್ತು, ಅಸಿಟೋನ್ ಇರೋ ನೇಲ್ ಪಾಲಿಶ್ ರಿಮೂವರನ್ನ ಬಿಳಿ ಹತ್ತಿಗೆ ಹಾಕ್ಕೊಂಡು ಗಮ್ ಇರೋ ಕಡೆ ಗಟ್ಟಿಯಾಗಿ ಉಜ್ಜಿ. ಹತ್ತಿಗೆ ಕಪ್ಪೋ ಕಂದೋ ಬಣ್ಣ ಬಂದು ಫಿಲ್ಮ್ ನೀರಿನ ಥರ ತಿಳಿಯಾಗಿಬಿಟ್ರೆ ಬಣ್ಣ ಗಮ್ಮಲ್ಲೇ ಇತ್ತು ಅಂತ ಅರ್ಥ, ಆ ರೋಲ್ ಕಡೆ ಮತ್ತೆ ತಿರುಗಿ ನೋಡಬೇಡಿ. ಗಮ್ ಮಾತ್ರ ಬರೀ ಅಂಟಂಟಾಗಿ ಬಂದು ಫಿಲ್ಮ್ ಬಣ್ಣ ಹಂಗೇ ಉಳಿದ್ರೆ ಮೊದಲ ಪರೀಕ್ಷೆ ಪಾಸು.

ಆದ್ರೆ ಇಷ್ಟಕ್ಕೇ ನಿಲ್ಲಿಸಬೇಡಿ, ಯಾಕಂದ್ರೆ ಬಣ್ಣ ಪಾಲಿಯೆಸ್ಟರ್ ಒಳಗಿದ್ರೂ ಡೈ ಕೀಳು ಗುಣದ್ದಾದ್ರೆ ನಿಧಾನಕ್ಕೆ ಹೋಗೇ ಹೋಗತ್ತೆ. ಅವಸರ ಇಲ್ಲ ಅಂದ್ರೆ ಇನ್ನೊಂದು ಮಾಡಿ: ಒಂದು ಸಣ್ಣ ಗ್ಲಾಸ್ ತುಂಡಿಗೆ ಎಲ್ಲಾ ಸ್ಯಾಂಪಲ್ಲನ್ನೂ ಸಾಲಾಗಿ ಅಂಟ್ಸಿ, ಪ್ರತಿಯೊಂದರ ಅರ್ಧ ಭಾಗಾನ ಅಲ್ಯೂಮಿನಿಯಂ ಫಾಯಿಲ್ಲಲ್ಲಿ ಎರಡೂ ಕಡೆಯಿಂದ ಮುಚ್ಚಿ, ಗ್ಲಾಸ್ ಮೇಲೆ ಬರೋ ಹಾಗೆ ಫಿಲ್ಮ್ ಕೆಳಗಿರೋ ಹಾಗೆ ತಾರಸಿ ಮೇಲೆ ಇಡಿ. ಕಾರಲ್ಲಿ ಬಿಸಿಲು ಹೆಂಗೆ ಬರತ್ತೋ ಹಂಗೇ ಬರಬೇಕು ಅಂತ ಈ ಕ್ರಮ. ಮಾರ್ಚಿಂದ ಮೇ ತನಕ ಇಟ್ಟು ಫಾಯಿಲ್ ತೆಗೆದು ಬಿಳಿ ಹಾಳೆ ಮೇಲೆ ಹಗಲು ಬೆಳಕಲ್ಲಿ ನೋಡಿ. ಮುಚ್ಚಿದ್ದಕ್ಕೂ ತೆರೆದಿದ್ದಕ್ಕೂ ನಡುವೆ ಗೆರೆ ಎಳೆದ ಹಾಗೆ ಕಂಡ್ರೆ ಆ ಫಿಲ್ಮ್ ನಿಮ್ಮ ಕಾರಲ್ಲೂ ಅದೇ ಮಾಡತ್ತೆ. ಕಂಪನಿಗಳು ಇದೇ ಕೆಲಸಾನ ಲ್ಯಾಬಲ್ಲಿ ಕ್ಸೆನಾನ್ ದೀಪದ ಕೆಳಗೆ ಬೇಗ ಬೇಗ ಮಾಡಿ ನೋಡ್ತಾರೆ, ನಮಗೆ ಸೂರ್ಯ ಫ್ರೀಯಾಗಿ ಸಿಗ್ತಾನೆ.

ವಾರಂಟಿ ಕಾರ್ಡ್ ಕೇಳಿ, ಕೇಳಿದಮೇಲೆ ಓದಿ ಕೂಡ. ಗುಳ್ಳೆ ಬಂದ್ರೆ, ಸಿಪ್ಪೆ ಎದ್ರೆ ಅಂತ ಮಾತ್ರ ಬರೆದು ಬಣ್ಣ ಬದಲಾವಣೆ ಬಗ್ಗೆ ಒಂದಕ್ಷರ ಇಲ್ಲದ ಕಾರ್ಡ್ ಕೊಡ್ತಾರೆ ಕೆಲವರು, ಅದು ನಿಮ್ಮ ಸಮಸ್ಯೆಗೆ ಉಪಯೋಗಕ್ಕೆ ಬರಲ್ಲ. ಬಣ್ಣ ಮಾಸೋದು ಕವರ್ ಆಗತ್ತೆ ಅಂತ ಬರೆದಿರಬೇಕು, ರೋಲ್ ನಂಬರ್ ಇರಬೇಕು, ಬಿಲ್ಲಲ್ಲಿ ಫಿಲ್ಮಿನ ಹೆಸರು ಪೂರ್ತಿ ಇರಬೇಕು. ಬೆಂಗಳೂರಿನ ಜೆ.ಸಿ. ರಸ್ತೆ ಥರ ಸಾಲಾಗಿ ಆಕ್ಸೆಸರಿ ಅಂಗಡಿ ಇರೋ ಕಡೆ ಪಕ್ಕದಂಗಡಿಗಿಂತ ಇನ್ನೂರು ಕಮ್ಮಿ ಅಂತ ಕರೀತಾರೆ, ಆ ಇನ್ನೂರು ಎಲ್ಲಿಂದ ಉಳೀತು ಅಂತ ಕೇಳಿ, ಉತ್ತರ ಬಹುಪಾಲು ಆ ರೋಲಲ್ಲೇ ಇರತ್ತೆ.

ಪ್ರಶ್ನೆ: ಇದೆಲ್ಲಾ ಸರಿ, ಕಾನೂನು ಪ್ರಕಾರ ಫಿಲ್ಮ್ ಹಾಕಿಸಬಹುದಾ? ಒಬ್ಬರು ಪೂರ್ತಿ ಬ್ಯಾನ್ ಅಂತಾರೆ, ಒಬ್ಬರು ಈಗ ಓಕೆ ಆಗಿದೆ ಅಂತಾರೆ. (ಮೈಸೂರು)

ಉತ್ತರ: ಇಬ್ಬರ ಮಾತಿಗೂ ಆಧಾರ ಇದೆ, ಅದಕ್ಕೇ ಗೊಂದಲ. ಕೇಂದ್ರ ಮೋಟಾರು ವಾಹನ ನಿಯಮ 100ರ ಪ್ರಕಾರ ಮುಂದಿನ ಮತ್ತು ಹಿಂದಿನ ಗ್ಲಾಸಿಂದ ಕನಿಷ್ಠ 70%, ಸೈಡ್ ಗ್ಲಾಸಿಂದ ಕನಿಷ್ಠ 50% ಬೆಳಕು ಒಳಗೆ ಬರಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್, ಗ್ಲಾಸಿನ ಮೇಲೆ ಕಪ್ಪು ಫಿಲ್ಮ್ ಅಂಟಿಸೋದೇ ಬೇಡ, ಎಷ್ಟೇ ಬೆಳಕು ಬಿಟ್ರೂ ಬೇಡ ಅಂತ ಹೇಳ್ತು, ಆ ಮೇ ತಿಂಗಳಲ್ಲಿ ಊರೂರಲ್ಲಿ ಪೊಲೀಸರು ನಿಂತು ಕೀಳಿಸಿದ್ದು ನಿಮಗೂ ನೆನಪಿರಬಹುದು. ಆಮೇಲೆ ನಿಯಮಕ್ಕೆ ತಿದ್ದುಪಡಿ ಆಗಿ 2021ರ ಏಪ್ರಿಲ್ 1ರಿಂದ ಬರೀ ಸೇಫ್ಟಿ ಗ್ಲಾಸ್ ಅಲ್ದೇ ಪ್ಲಾಸ್ಟಿಕ್ ಪದರ ಇರೋ ಸೇಫ್ಟಿ ಗ್ಲೇಜಿಂಗಿಗೂ ಜಾಗ ಸಿಕ್ತು, ಅದನ್ನೇ ಆಧಾರ ಇಟ್ಕೊಂಡು ಕೇರಳ ಹೈಕೋರ್ಟ್ 2024ರ ಸೆಪ್ಟೆಂಬರಲ್ಲಿ 70 ಮತ್ತು 50ರ ಲೆಕ್ಕಕ್ಕೆ ಹೊಂದೋ ಫಿಲ್ಮಿಗೆ ದಂಡ ಹಾಕೋ ಹಾಗಿಲ್ಲ ಅಂತು. ಆದ್ರೆ ಅದು ಕೇರಳದ ತೀರ್ಪು, ನಮ್ಮ ರಸ್ತೇಲಿ ನಿಂತಿರೋ ಪೊಲೀಸರು 2012ರ ತೀರ್ಪನ್ನೇ ಹಿಡ್ಕೊಂಡು ನಿಲ್ಸಿದ್ರೆ ಆಶ್ಚರ್ಯ ಪಡಬೇಡಿ. ಹಾಕಿಸೋ ಮುಂಚೆ ನಿಮ್ಮ ಊರಿನ ಟ್ರಾಫಿಕ್ ಠಾಣೇಲಿ ಒಂದು ಮಾತು ಕೇಳ್ಕೊಳ್ಳೋದು ಒಳ್ಳೇದು.

ಇಲ್ಲಿ ಬಹಳ ಜನ ತಪ್ಪೋ ಲೆಕ್ಕ ಒಂದಿದೆ. 50% ಬೆಳಕು ಬಿಡೋ ಫಿಲ್ಮ್ ಹಾಕಿಸಿದ್ರೆ ಸೈಡಿಗೆ ಸರಿಹೋಗತ್ತೆ ಅನ್ಕೋತಾರೆ, ಸರಿಹೋಗಲ್ಲ. ಅಳೆಯೋದು ಗ್ಲಾಸ್ ಮತ್ತು ಫಿಲ್ಮ್ ಎರಡೂ ಸೇರಿ. ಕಂಪನಿ ಗ್ಲಾಸ್ ಮೊದಲೇ ತಿಳಿ ಹಸಿರಿರತ್ತೆ, ಅದು ನೂರಕ್ಕೆ 75 ಬೆಳಕು ಬಿಡತ್ತೆ ಅಂತಿಟ್ಕೊಳ್ಳಿ, ಅದರ ಮೇಲೆ 50ರ ಫಿಲ್ಮ್ ಹಾಕಿದ್ರೆ 75ರ ಅರ್ಧ, 37 ಚಿಲ್ಲರೆ ಬರತ್ತೆ. 70ರ ಫಿಲ್ಮ್ ಹಾಕಿದ್ರೆ 52ರ ಆಸುಪಾಸು, ಬರೀ ಕೂದಲೆಳೆಯಲ್ಲಿ ಪಾಸು. ಮುಂದಿನ ಗ್ಲಾಸಿಗಂತೂ ಬಣ್ಣದ ಫಿಲ್ಮಿಗೆ ಜಾಗನೇ ಇಲ್ಲ ಅನ್ನಿ. ಅಂದ್ರೆ ಕಾನೂನಿಗೆ ಒಳಪಟ್ಟು ಹಾಕಿಸೋ ಫಿಲ್ಮ್ ಹೆಚ್ಚೂಕಮ್ಮಿ ತಿಳಿ ಬಣ್ಣದ್ದೇ ಆಗಿರಬೇಕು, ಅಷ್ಟು ತಿಳಿ ಅಂದಮೇಲೆ ಕಪ್ಪಿಗೋಸ್ಕರ ಡೈ ತುಂಬಿಸಿದ ಅಗ್ಗದ ಮಾಲು ಯಾಕೆ ಬೇಕು ಹೇಳಿ, ಬಣ್ಣ ಜಾಸ್ತಿ ತುಂಬಿದಷ್ಟೂ ಮಾಸೋದಕ್ಕೂ ಜಾಸ್ತಿ ಇರತ್ತೆ.

ಪ್ರಶ್ನೆ: ಕಡುಗಪ್ಪು ಫಿಲ್ಮ್ ಇದ್ರೂ ಕಾರೊಳಗೆ ಕೂತ್ರೆ ಒಲೆ ಮುಂದೆ ಕೂತ ಹಾಗಾಗತ್ತೆ. ಅಂಗಡೀಲಿ ದೀಪದ ಮುಂದೆ ಫಿಲ್ಮ್ ಹಿಡಿದು ಕೈ ಇಡಿಸಿ ತೋರ್ಸಿದಾಗ ತಣ್ಣಗಿತ್ತಲ್ಲ? (ವಿಜಯಪುರ)

ಉತ್ತರ: ಕಪ್ಪಿದ್ರೆ ತಂಪು ಅನ್ನೋದೇ ಮೂಲ ತಪ್ಪು ತಿಳುವಳಿಕೆ, ಅಂಗಡಿಯವರು ಬದುಕ್ತಿರೋದೂ ಅದರ ಮೇಲೇನೇ. ನೆಲಕ್ಕೆ ಬರೋ ಬಿಸಿಲಿನ ಶಕ್ತೀಲಿ ಕಣ್ಣಿಗೆ ಕಾಣೋ ಬೆಳಕು ಅರ್ಧಕ್ಕಿಂತ ಕಮ್ಮಿ, ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಒಂದು ಐದು ಪರ್ಸೆಂಟಿನಷ್ಟು ಅಲ್ಟ್ರಾವಯಲೆಟ್. ಡೈ ಫಿಲ್ಮ್ ಕಾಣೋ ಬೆಳಕನ್ನ ತಡೆಯತ್ತೆ, ಇನ್‌ಫ್ರಾರೆಡನ್ನ ಬಹುಪಾಲು ಹಂಗೇ ಬಿಡತ್ತೆ. ತಡೆದ ಬೆಳಕೂ ಎಲ್ಲೂ ಹೋಗಲ್ಲ, ಫಿಲ್ಮೂ ಗ್ಲಾಸೂ ಅದನ್ನ ಹೀರಿ ಬಿಸಿಯಾಗ್ತವೆ, ಆ ಬಿಸಿ ಒಂದಷ್ಟು ಹೊರಗೆ ಹೋದ್ರೆ ಇನ್ನೊಂದಷ್ಟು ಒಳಗೆ ಬರತ್ತೆ. ಮಧ್ಯಾಹ್ನ ನಿಲ್ಸಿದ ಕಾರಿನ ಕಪ್ಪು ಗ್ಲಾಸನ್ನ ಒಳಗಿಂದ ಮುಟ್ಟಿ ನೋಡಿ, ಕೈ ಇಡಕ್ಕಾಗಲ್ಲ.

ದೀಪದ ಆಟದ ಬಗ್ಗೆ. ಫಿಲ್ಮ್ ಹಿಡಿದ ಮೊದಲ ಕ್ಷಣಗಳಲ್ಲಿ ಬಿಸಿ ಹೀರ್ಕೊಳ್ಳೋ ಫಿಲ್ಮೂ ತಂಪಾಗೇ ಅನ್ಸತ್ತೆ, ಯಾಕಂದ್ರೆ ಅದಿನ್ನೂ ಬಿಸಿಯಾಗಿರಲ್ಲ. ಐದು ನಿಮಿಷ ಹಿಡಿಯೋಕೆ ಹೇಳಿ ಆಮೇಲೆ ಕೈ ಇಡಿ. ಇನ್ನು 99% ಇನ್‌ಫ್ರಾರೆಡ್ ತಡೆ ಅಂತ ಬರೆದಿದ್ದು ಕಂಡ್ರೆ ಯಾವ ತರಂಗಾಂತರದಲ್ಲಿ ಅಳೆದಿದ್ದು ಅಂತ ಕೇಳಿ, ಬಹಳ ಸಲ ಒಂದೇ ತರಂಗಾಂತರದಲ್ಲಿ ಅಳೆದ ನಂಬರನ್ನ ಇಡೀ ಇನ್‌ಫ್ರಾರೆಡ್ಡಿಗೆ ಅನ್ವಯಿಸಿ ಹೇಳ್ತಾರೆ. ನೀವು ನೋಡಬೇಕಾದ ನಂಬರ್ ಟಿಎಸ್ಇಆರ್, ಅಂದ್ರೆ ಬಿಸಿಲಿನ ಒಟ್ಟು ಶಕ್ತೀಲಿ ಎಷ್ಟು ಹೊರಗೇ ಉಳೀತು ಅನ್ನೋದು. ಎರಡು ತಿಳಿ ಫಿಲ್ಮಿದ್ದಾಗ ಇದು ಜಾಸ್ತಿ ಇರೋದನ್ನ ತಗೊಳ್ಳಿ. ಒಳ್ಳೇ ಸಿರಾಮಿಕ್ ಫಿಲ್ಮ್ ಕಣ್ಣಿಗೆ ಇಲ್ಲವೇ ಇಲ್ಲ ಅನ್ನೋಷ್ಟು ತಿಳಿ ಇದ್ದೂ ಕಡುಗಪ್ಪು ಡೈ ಫಿಲ್ಮಿಗಿಂತ ಹೆಚ್ಚು ತಂಪು ಕೊಡಬಹುದು, ದುಬಾರಿ ಹೌದು, ಆದ್ರೆ ಅಲ್ಲಿ ದುಡ್ಡು ಹೋಗೋದು ತಂಪಿಗೆ.

ಪ್ರಶ್ನೆ: ಮಳೆಗಾಲದಲ್ಲಿ ಹಾಕಿಸಿದೆ, ವಾರ ಆದ್ರೂ ಗ್ಲಾಸ್ ಮಂಜು ಮಂಜು, ಅಲ್ಲಲ್ಲಿ ಗುಳ್ಳೆ. ಫಿಲ್ಮ್ ಕಳಪೆನಾ? (ಮಂಗಳೂರು)

ಉತ್ತರ: ಇಷ್ಟು ಬೇಗ ತೀರ್ಮಾನ ಮಾಡಬೇಡಿ. ಶಾಂಪೂ ನೀರು ಚಿಮುಕಿಸಿ, ಫಿಲ್ಮ್ ಕೂರಿಸಿ, ಸ್ಕ್ವೀಜಿಯಿಂದ (ರಬ್ಬರ್ ಅಂಚಿನ ಒರೆಸೋ ಪಟ್ಟಿ) ನೀರು ತಳ್ಳೋದು ಹಾಕೋ ವಿಧಾನ, ಒಂದಿಷ್ಟು ನೀರು ಉಳಿದೇ ಉಳಿಯತ್ತೆ, ಕರಾವಳಿಯ ತೇವಕ್ಕೆ ಅದು ಒಣಗೋಕೆ ಎರಡು ಮೂರು ವಾರ ಆದ್ರೂ ಹಿಡಿಯಬಹುದು. ದಿನದಿನಕ್ಕೆ ಗುಳ್ಳೆ ಚಿಕ್ಕದಾಗ್ತಿದ್ರೆ ಅದು ನೀರು, ಬಿಟ್ಟುಬಿಡಿ, ಸೂಜಿ ಚುಚ್ಚೋಕೆ ಹೋಗಬೇಡಿ. ಗುಳ್ಳೆಯ ನಡುವೆ ಕಪ್ಪು ಚುಕ್ಕೆ ಇದ್ರೆ ಧೂಳು, ಅದು ಹೋಗಲ್ಲ, ಮತ್ತೆ ಹಾಕಿಸ್ಕೊಳ್ಳಿ. ಒಂದು ವರ್ಷ ಚೆನ್ನಾಗಿದ್ದು ಆಮೇಲೆ ಹೊಸದಾಗಿ ಗುಳ್ಳೆ ಎದ್ದು ದೊಡ್ಡದಾಗ್ತಾ ಹೋದ್ರೆ ಅದು ಗಮ್ ಸತ್ತಿದ್ದು, ಅಂಥ ಕಡೆ ಬಣ್ಣಾನೂ ಬಹಳ ದಿನ ನಿಲ್ಲಲ್ಲ.

ಪ್ರಶ್ನೆ: ಹಳೇ ನೇರಳೆ ಫಿಲ್ಮನ್ನ ಮನೇಲೇ ಕೀಳಬಹುದಾ? (ಶಿವಮೊಗ್ಗ)

ಉತ್ತರ: ಸೈಡ್ ಗ್ಲಾಸಾದ್ರೆ ಧಾರಾಳವಾಗಿ. ಹೇರ್ ಡ್ರೈಯರ್ ಅಥವಾ ಸ್ಟೀಮರಿಂದ ಒಂದು ಮೂಲೆ ಬಿಸಿ ಮಾಡಿ, ಉಗುರಿಂದ ಎಬ್ಬಿಸಿ, ಬಿಸಿ ಮಾಡ್ತಾ ಮಾಡ್ತಾ ನಿಧಾನಕ್ಕೆ ಎಳೀರಿ, ಅವಸರ ಮಾಡಿದ್ರೆ ಫಿಲ್ಮ್ ಬಂದು ಗಮ್ ಗ್ಲಾಸಲ್ಲೇ ಉಳಿಯತ್ತೆ. ಅಗ್ಗದ ಫಿಲ್ಮಲ್ಲಿ ಉಳಿದೇ ಉಳಿಯತ್ತೆ, ಬಣ್ಣ ಗಮ್ಮಲ್ಲಿದ್ರೆ ಆ ಉಳಿದ ಗಮ್ಮೇ ನೇರಳೆ ಇರತ್ತೆ. ಅದಕ್ಕೆ ಸೋಪಿನ ನೀರು ಹಾಕಿ ಹೊಸ ಬ್ಲೇಡಿಂದ ಒಂದೇ ದಿಕ್ಕಿಗೆ ಕೆರೀರಿ. ಹಿಂದಿನ ಗ್ಲಾಸ್ ಮಾತ್ರ ಬೇರೆ ಕಥೆ, ಅಲ್ಲಿ ಗ್ಲಾಸ್ ಬಿಸಿ ಮಾಡಿ ಮಂಜು ತೆಗೆಯೋ ಡಿಫಾಗರ್ ಗೆರೆಗಳಿರತ್ತೆ, ಬ್ಲೇಡ್ ಮುಟ್ಟಿಸಿದ್ರೆ ಗೆರೆ ಕಿತ್ತುಬಂದು ಡಿಫಾಗರ್ ಕೆಲಸ ಮಾಡಲ್ಲ, ಸ್ಟೀಮರಲ್ಲಿ ಗೆರೆಯ ದಿಕ್ಕಿಗೇ ಎಳೀಬೇಕು, ಕೈ ಪಳಗದಿದ್ರೆ ಗೊತ್ತಿರೋರಿಗೇ ಬಿಡಿ.

ಇದೇ ನೆಪದಲ್ಲಿ ಒಂದು ಮಾತು, ಅಮೋನಿಯಾ ಇರೋ ಗ್ಲಾಸ್ ಕ್ಲೀನರನ್ನ ಫಿಲ್ಮ್ ಮೇಲೆ ಹೊಡೀಬೇಡಿ, ಒಳ್ಳೇ ಡೈ ಫಿಲ್ಮೂ ಅದರಿಂದ ಹಾಳಾಗತ್ತೆ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು.

ಪ್ರಶ್ನೆ: ಕಾರಿಗೆ ಹಾಕಿ ಉಳಿದ ಕಪ್ಪು ಫಿಲ್ಮನ್ನ ಮನೆ ಪಶ್ಚಿಮದ ಕಿಟಕಿಗೆ ಅಂಟಿಸಬಹುದಾ? (ಬೆಂಗಳೂರು)

ಉತ್ತರ: ಬೇಡ. ಕಾರಿನ ಸೈಡ್ ಗ್ಲಾಸ್ ಟಫನ್ ಮಾಡಿದ್ದು, ಅಂದ್ರೆ ಕಾಯಿಸಿ ಗಟ್ಟಿ ಮಾಡಿದ್ದು, ಬಿಸಿ ತಡ್ಕೊಳ್ಳತ್ತೆ. ಮನೆ ಕಿಟಕೀದು ಬಹಳ ಕಡೆ ಸಾದಾ ಗ್ಲಾಸು, ಬಿಸಿ ಹೀರೋ ಫಿಲ್ಮ್ ಹಾಕಿದ್ರೆ ಬಿಸಿಲು ಬಿದ್ದ ನಡುಭಾಗಕ್ಕೂ ಫ್ರೇಮೊಳಗಿನ ಅಂಚಿಗೂ ಬಿಸಿ ವ್ಯತ್ಯಾಸ ಆಗಿ ಸೀಳು ಬಿಡಬಹುದು. ಮನೆಗೆ ಅಂತಲೇ ಬೇರೆ ಫಿಲ್ಮ್ ಬರತ್ತೆ.

ಪ್ರಶ್ನೆ: ಮಗು ಹಿಂದಿನ ಸೀಟಲ್ಲಿ ಕೂರತ್ತೆ, ಬಿಸಿಲು ನೇರ ಮುಖಕ್ಕೆ. ಫಿಲ್ಮ್ ನೇರಳೆ ಆಗಿದ್ರೂ ಅಲ್ಟ್ರಾವಯಲೆಟ್ ತಡೀತಾ ಇರತ್ತಾ, ಬದಲಾಯಿಸಬೇಕಾ? (ದಾವಣಗೆರೆ)

ಉತ್ತರ: ಆ ಫಿಲ್ಮನ್ನ ನಂಬ್ಕೊಂಡು ಕೂರಬೇಡಿ ಅಮ್ಮಾ. ಪಾಲಿಯೆಸ್ಟರ್ ಹಾಳೆ ತಾನಾಗೇ ಸ್ವಲ್ಪ ತಡೀತದೆ, ಆದ್ರೆ ಪೂರ್ತಿ ತಡೆಯೋದು ಅದರಲ್ಲಿ ಸೇರಿಸೋ ಅಲ್ಟ್ರಾವಯಲೆಟ್ ಹೀರೋ ಕೆಮಿಕಲ್ಲು, ಅದು ಸರಿಯಾಗಿ ಇದ್ದಿದ್ರೆ ಬಣ್ಣ ಇಷ್ಟು ಬೇಗ ಹೋಗ್ತಾನೇ ಇರಲಿಲ್ಲ. ಮುಂದಿನ ಗ್ಲಾಸ್ ಎರಡು ಗ್ಲಾಸಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ್ದು, ಅಲ್ಲಿ ಅಲ್ಟ್ರಾವಯಲೆಟ್ ಹೆಚ್ಚೂಕಮ್ಮಿ ಪೂರ್ತಿ ನಿಲ್ಲತ್ತೆ. ಸೈಡ್ ಗ್ಲಾಸ್ ಹಂಗಲ್ಲ, ಅಲ್ಟ್ರಾವಯಲೆಟ್ಟಲ್ಲಿ (ಯುವಿ) ಚರ್ಮ ಕಪ್ಪು ಮಾಡೋ ಯುವಿ-ಎ ಭಾಗ ಸಾಕಷ್ಟು ಒಳಗೆ ಬರತ್ತೆ, ಮಗು ಕೂರೋದು ಅದರ ಪಕ್ಕಾನೇ. ಜೊತೆಗೆ ನೇರಳೆ ಆಗಿ ಮಂಕಾದ ಫಿಲ್ಮಲ್ಲಿ ರಾತ್ರಿ ಎದುರು ಗಾಡಿ ಲೈಟ್ ಚದುರಿ ಕಾಣತ್ತೆ, ಓಡಿಸೋರಿಗೂ ಅದು ಒಳ್ಳೇದಲ್ಲ.

ಅದನ್ನ ಕೀಳಿಸಿ, ಬಣ್ಣವೇ ಇಲ್ಲದ ಯುವಿ ಫಿಲ್ಮ್ ಕೇಳಿ, ಹಂಗೊಂದು ಬರತ್ತೆ ಅಂತ ಎಷ್ಟೋ ಅಂಗಡಿಯವರು ತಾವಾಗಿ ಹೇಳಲ್ಲ. ನೋಡೋಕೆ ಸಾದಾ ಗ್ಲಾಸಿನ ಹಾಗೆ, ಒಳ್ಳೇ ಕಂಪನಿದಾದ್ರೆ 99% ತನಕ ಅಲ್ಟ್ರಾವಯಲೆಟ್ ತಡೆಯತ್ತೆ, ಡೈ ಇಲ್ಲ ಅಂದಮೇಲೆ ಮಾಸೋಕೆ ಏನೂ ಇರಲ್ಲ, ಬೆಳಕಿನ ಲೆಕ್ಕದಲ್ಲೂ ತೊಂದ್ರೆ ಕಮ್ಮಿ. ಹಾಕಿಸಿದ ಮೇಲೆ ಅಂಗಡೀಲಿ ಮೀಟರ್ ಇದ್ರೆ ನಿಮ್ಮ ಕಾರಿನ ಗ್ಲಾಸ್ ಮೇಲೇ ಇಟ್ಟು ಬೆಳಕು ಎಷ್ಟು, ಅಲ್ಟ್ರಾವಯಲೆಟ್ ಎಷ್ಟು ಅಂತ ಎರಡೂ ಅಳೆಸಿ, ಆ ನಂಬರನ್ನ ಬಿಲ್ ಹಿಂದೆ ಬರೆಸ್ಕೊಳ್ಳಿ. ಮುಂದಿನ ಬೇಸಿಗೇಲಿ ಮತ್ತೆ ಅದೇ ಮೀಟರಿಗೆ ಇಡ್ಸಿ ನೋಡಬಹುದು.